ದಾರದಲ್ಲಿ ಅಳೆದ ನೈರೋಬಿ

ನಮ್ಮ ಭಾವ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಆದರೂ ವಿಲೆ ಪಾರ್ಲೆಯಲ್ಲಿ ಅವರ ಮನೆಯ ಮೇಲೆ ಹಾರುವ ಯಾವ ವಿಮಾನವೂ ಅವರಿಗೆ ಹೇಳದೆ ಮುಂಬಯಿ ಬಿಡುತ್ತಿರಲಿಲ್ಲವೆಂದರೆ ನಂಬುತ್ತೀರಾ? "ಇದು ದುಬೈ. ಮೂರು ಗಂಟೆ," ಎನ್ನುವರು, ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ.

ಅವರ ಆಸ್ತಿಯೆಂದರೆ ಮೇಜಿನ ಮೇಲೆ ತಿರುಗುವ ಒಂದು ಭೂಗೋಳ ಮತ್ತು ಅಕ್ಕ ಹೂ ಕಟ್ಟುವ ದಾರ. ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು, ವಿಮಾನ ಗಂಟೆಗೆ ಹೋಗುವಷ್ಟು ದೂರಕ್ಕೆ ಒಂದೊಂದು ಗಂಟು ಹಾಕುವರು.

"ರೀ, ದೇವರ ಹೂವಿಗೆ ದಾರ ಇಲ್ಲ," ಎಂದು ಅಕ್ಕ ಕೂಗಿದರೆ, "ತಾಳೇ, ಸಿಂಗಪುರ ಬಿಚ್ಚಿ ಕೊಡ್ತೀನಿ," ಎನ್ನುವರು.

ಭಾಂಡುಪ್‌ನಲ್ಲಿ ಅಂದರೆ ಮುಂಬಯಿಯ ಇನ್ನೊಂದು ಮಗ್ಗುಲಲ್ಲಿ, ನಮ್ಮ ತಂಗಿಯ ಮಗುವಿನ ನಾಮಕರಣ. ಹತ್ತಕ್ಕೆ ಕರೆದಿದ್ದರು, ನಾನು ಹತ್ತಕ್ಕೆ ಐದು ನಿಮಿಷ ಇರುವಾಗಲೇ ಹೋಗಿ ಕೂತಿದ್ದೆ. ಭಾವ ಬಂದದ್ದು ಎರಡನೇ ಪಂಕ್ತಿಗೆ, ಅದೂ ವಾದದ ಸಮೇತ.

"ದಾದರಲ್ಲಿ ಲೋಕಲ್ ರೈಲು ಬದಲಾಯಿಸಿ ಇಲ್ಲಿಗೆ ಬರೋಕೆ ಎರಡು ಗಂಟೆ. ವಿಮಾನದಲ್ಲಿ ಬೆಂಗಳೂರಿಗೆ ಒಂದೂವರೆ. ಅಂದ್ಮೇಲೆ ನಮಗೆ ಬೆಂಗಳೂರೇ ಹತ್ತಿರ."

"ಹಾಗಾದ್ರೆ ಭಾವ, ಊಟಾನೂ ಅಲ್ಲೇ ಮುಗಿಸ್ಕೊಂಡು ಬನ್ನಿ," ಎಂದು ತಂಗಿ ಅವರ ಮುಂದಿನ ಎಲೆ ಎತ್ತಿಕೊಂಡಳು.

ಇಂಥವರ ಮಗಳು ಮದುವೆಯಾಗಿ ನೈರೋಬಿಗೆ ಹೋದಳು. ಅವಳ ಬಾಣಂತನಕ್ಕೆ ಅಕ್ಕ ಹೋಗಬೇಕಾಯಿತು. ಭಾವನಿಗೆ ರಜೆ ಸಿಗಲಿಲ್ಲ. ಅಕ್ಕನೋ, ಒಬ್ಬಳೇ ದಾದರ್ ದಾಟಿದವಳಲ್ಲ. ಕನ್ನಡ, ಮತ್ತೆ ತರಕಾರಿ ಕೊಳ್ಳುವಷ್ಟು ಮರಾಠಿ, ಇಷ್ಟೇ ಅವಳ ಭಾಷೆ.

ಬೆಳಿಗ್ಗೆ ಹತ್ತಕ್ಕೆ ವಿಮಾನ ಹೊರಟಿತು. ಮನೆಗೆ ಬಂದವರೇ ಭಾವ ನೈರೋಬಿಯ ಆರು ಗಂಟಿನ ದಾರ ಹಿಡಿದು ಕೂತರು. ಜೊತೆಗಿರಲೆಂದು ನಾನೂ ಕೂತೆ. ಹನ್ನೆರಡೂವರೆಗೆ ನಾನು ಅಕ್ಕ ಮಾಡಿಟ್ಟಿದ್ದ ಚಿತ್ರಾನ್ನ ತಿಂದೆ. ಅವರು ತಟ್ಟೆ ಮುಟ್ಟಲಿಲ್ಲ.

"ಈಗ ಬರೀ ಸಮುದ್ರ ಕಣಯ್ಯ," ಎಂದರು ಒಮ್ಮೆ.

ಅಕ್ಕ ಇಳಿದ ಕೂಡಲೇ ಟ್ರಂಕ್ ಕಾಲ್ ಮಾಡುವುದಾಗಿ ಮಗಳು ಹೇಳಿದ್ದಳು. ನಾಲ್ಕಾಯಿತು, ಐದಾಯಿತು. "ಎದುರುಗಾಳಿ ಇರಬೇಕು," ಎಂದರು. ಆರಾಯಿತು. "ವಿಮಾನದಲ್ಲಿ ಕೊಡೋ ಆ ಫಾರ್ಮು ತುಂಬಿಸೋಕೆ ಅವಳಿಗೆ ಯಾರು ಹೇಳಿಕೊಡ್ತಾರೋ..." ಎಂದವರು ಫೋನಿನ ರಿಸೀವರ್ ಎತ್ತಿ ನೋಡಿದರು, ಬದುಕಿದೆಯೋ ಇಲ್ಲವೋ ಎಂದು. ಮಧ್ಯಾಹ್ನದಿಂದ ಅದು ಹನ್ನೊಂದನೇ ಸಲ.

ಆರೂಮುಕ್ಕಾಲಿಗೆ ಫೋನು ಬಡಿದುಕೊಂಡಿತು. ಅಕ್ಕನ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು. ಎಷ್ಟು ಹೊತ್ತಿಗೆ ಇಳಿದಳು, ಯಾಕೆ ತಡವಾಯಿತು, ಒಂದನ್ನೂ ಭಾವ ಕೇಳಲಿಲ್ಲ.

"ಏನ್ರೀ, ಊಟ ಮಾಡಿದ್ರಾ?"

"ಮಾಡಿದೆ ಕಣೇ. ಹೊಟ್ಟೆ ತುಂಬಾ."

ಫೋನಿಟ್ಟ ಮೇಲೆ ನಾನು ತಟ್ಟೆಯ ಮುಚ್ಚಳ ತೆಗೆದೆ. ಚಿತ್ರಾನ್ನ ಹಾಗೇ ಇತ್ತು. "ಯಾಕೆ ಭಾವ, ಸುಳ್ಳು ಹೇಳಿದ್ರಿ?"

ಅವರು ಭೂಗೋಳವನ್ನು ಗೋಡೆಯ ಕಡೆ ತಿರುಗಿಸಿಟ್ಟರು.

"ಇಲ್ಲ ಅಂದ್ರೆ ಹೊರಟು ಬಂದ್ಬಿಡ್ತಾಳಯ್ಯ. ಅದೆಷ್ಟು ದೂರ ಅಂತ ಅವಳಿಗೆ ಇನ್ನೂ ಗೊತ್ತಿಲ್ಲ."