ರಿ ಇಲ್ಲದ ಭಾಷಣ

ಇಲ್ಲಿ ಬರೆದದ್ದೆಲ್ಲ ಹೀಗೆಯೇ ನಡೆಯಿತೆಂದು ಪ್ರಮಾಣ ಮಾಡಲಾರೆ. ನಾನು ಡೈರಿ ಬರೆಯುವವಳು, ನಮ್ಮ ಕಾಕಾ ಡೈರಿಗೆ ಹಾಲು ಹಾಕುವವರು. ನೀರು ಬೆರೆಸಿದ ಆಪಾದನೆ ಅವರ ಮೇಲೆ ಒಮ್ಮೆಯೂ ಬಂದಿಲ್ಲ. ನನ್ನ ಮೇಲೆ ಮನೆಯವರೆಲ್ಲ ಹೊರಿಸಿದ್ದಾರೆ. ರಾಯಬಾಗದ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷ ನಾನು ಮಾಡಿದ ಮೊದಲ ಭಾಷಣದಲ್ಲಿ ನಲವತ್ತೊಂದು ಸಲ ‘ರಿ’ ಅಂದೆನೆಂದು ನನ್ನ ನೆನಪು. ಅವತ್ತಿನ ಡೈರಿ ತೆಗೆದರೆ ಹದಿನಾಲ್ಕು ಅಂತಿದೆ. ಅವಮಾನಕ್ಕೆ ನೆನಪಿನೊಳಗೆ ಮರಿ ಹಾಕುವ ಗುಣವಿದೆ.

ನಮ್ಮ ಕಡೆ ಹಿರಿಯರೊಡನೆ ಆಡುವ ಮಾತಿನ ಬಾಲಕ್ಕೆ ರಿ ಹಚ್ಚದಿದ್ದರೆ ಅದು ಮಾತಲ್ಲ, ಉದ್ಧಟತನ. ಹಾಗಾಗಿ ಮೈಕಿನ ಮುಂದೆ ನಿಂತವಳೇ, ‘ಭಾರತ ನಮ್ಮ ದೇಶ ರಿ. ಭಾಳ ದೊಡ್ಡದೈತ್ರಿ’ ಅಂದೆ. ಸಭೆ ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ ‘ಹೌದೇನ್ರಿ?’ ಅಂದರು. ಕೇಳಿದವರಿಗೆ ಉತ್ತರ ಕೊಡುವುದು ಧರ್ಮವೆಂದು ‘ಹೌದ್ರಿ’ ಅಂದುಬಿಟ್ಟೆ. ಹೀಗೆಯೇ ಇನ್ನಷ್ಟು ರಿ ಉದುರಿಸಿದ ಮೇಲೆ ಇಳಿದು ಬರುವುದೊಂದೇ ಉಳಿದಿತ್ತು.

ಕನ್ನಡ ಕಲಿಸುವ ಮೇಡಂ ಕರೆದು ಹೇಳಿದರು: ‘ಸ್ಟೇಜ್ ಮ್ಯಾಲ ಪುಸ್ತಕದ ಭಾಷಾ ಆಡಬೇಕವಾ. ಆ ರಿ ಒಂದು ಬಿಡು, ಬರೂ ವರ್ಷ ಚಿಕ್ಕೋಡಿ ಸ್ಪರ್ಧೆಕ್ಕ ನಿನ್ನನ್ನ ಕಳಸ್ತೀನಿ.’ ಚಿಕ್ಕೋಡಿಯಲ್ಲಿ ಗೆದ್ದು, ನಕ್ಕವರ ಮುಂದೆ ಕಪ್ಪು ಹಿಡಿದು ಓಡಾಡಬೇಕೆಂದು ಅಂದೇ ನಿಶ್ಚಯಿಸಿದೆ. ಸಾಧನೆ ಮನೆಯಿಂದಲೇ ಶುರುವಾಗಲಿ ಎಂದುಕೊಂಡದ್ದೇ ತಪ್ಪಾಯಿತು.

‘ಚಾ ಕುಡದೇನ ಬೇ?’ ಅಂದರು ಕಾಕಾ.

‘ಹೌದು, ಕುಡಿದೆ.’

ಕಾಕಾ ಚಾದ ಬಸಿ ಕೆಳಗಿಟ್ಟರು. ‘ಯಾರಿಗಿ ಹೇಳಾಕತ್ತಿ? ನನಗೋ, ಎಮ್ಮಿಗೋ?’

‘ಭಾಷಣದ ತಯಾರಿ’ ಅಂದೆ, ಮತ್ತೆ ರಿ ಇಲ್ಲದೆ.

ಅವರು ನಮ್ಮವ್ವನ ಕಡೆ ತಿರುಗಿದರು. ‘ಕೇಳಿದ್ರೇನು ವೈನಿ? ಕೂಸು ನಾಕ ಅಕ್ಷರ ಕಲತು ಒಂದಕ್ಷರ ಮರತೈತಿ.’

‘ಹೋಗಿ ಎಮ್ಮೀ ಮುಂದ ಮಾಡ ನಿನ್ನ ತಯಾರಿ,’ ಅಂದಳು ಅವ್ವ. ‘ಅವಕ್ಕ ರಿ ಬೇಕಾಗಿಲ್ಲ.’

ವರ್ಷವಿಡೀ ಹಾಗೆಯೇ ಮಾಡಿದೆ. ಎಮ್ಮೆಗಳಂಥ ಸಭಿಕರು ಸಿಗಲಾರರು. ನಗುವುದಿಲ್ಲ, ಎದ್ದು ಹೋಗುವುದಿಲ್ಲ, ಕೇಳಿದ್ದನ್ನು ಕಣ್ಣುಮುಚ್ಚಿ ಮೆಲುಕು ಹಾಕುತ್ತವೆ.

ಮರುವರ್ಷ ಕಾಕಾನೇ ಮೋಟರ್ ಸೈಕಲ್ಲಿನ ಮೇಲೆ ಚಿಕ್ಕೋಡಿಗೆ ಕರೆದೊಯ್ದರು. ‘ಹೆದರಬ್ಯಾಡ, ನಾ ಇರ್ತೀನಿ’ ಎಂದು ಬಿಳಿ ಟೋಪಿ ಸರಿಮಾಡಿಕೊಂಡು ಹಿಂದೆಲ್ಲೋ ಕುಳಿತರು. ವಿಷಯ: ಮೊಬೈಲ್ ಬಂದ ಮೇಲೆ ಮನೆಯ ಮಾತು ಕಡಿಮೆಯಾಗಿದೆಯೇ? ‘ವೇದಿಕೆಯ ಮೇಲಿರುವ ಗಣ್ಯರೇ’ ಎಂದು ಶುರುಮಾಡಿದೆ. ಒಂದು ನಿಮಿಷ ಹೊಸ ಚಪ್ಪಲಿ ಹಾಕಿಕೊಂಡವಳ ಹಾಗೆ ಜೋಪಾನವಾಗಿ ನಡೆದೆ. ‘ಆಧುನಿಕ ತಂತ್ರಜ್ಞಾನವು’ ಎಂಬಲ್ಲಿಗೆ ಬಂದಾಗ ಮುಂದಿನದೆಲ್ಲ ಅಳಿಸಿಹೋಯಿತು. ಸಭೆ ಕಾಯಿತು. ನಾನೂ ಕಾದೆ. ಹೋದ ವರ್ಷದ ನಗೆ ಕಿವಿಯೊಳಗೆ ಆಗಲೇ ಶುರುವಾಗಿತ್ತು.

ತೀರ್ಪುಗಾರರಲ್ಲಿ ಹಿರಿಯರೊಬ್ಬರು ಮೆಲ್ಲಗೆ, ‘ಯಾಕವ್ವಾ, ನೀರು ಬೇಕೇನು?’ ಅಂದರು.

‘ಬ್ಯಾಡ್ರಿ’ ಅಂದೆ.

ಆ ಒಂದು ರಿ ಹೊರಬಿದ್ದದ್ದೇ ತಡ, ಕಟ್ಟಿದ ಎಮ್ಮೆಯ ಕಣ್ಣಿ ಬಿಚ್ಚಿದ ಹಾಗಾಯಿತು. ‘ಮೊಬೈಲ್ ಬಂದ್ಮ್ಯಾಲ ನಮ್ಮ ಮನ್ಯಾಗ ಮಾತು ಕಡಿಮಿ ಆಗಿಲ್ರಿ, ಜೋರಾಗೈತ್ರಿ. ನಮ್ಮ ಕಾಕಾ ದಿನಾ ಮಿರಜಿನ ಗೆಳ್ಯಾರಿಗೆ ಫೋನ್ ಹಚ್ಚತಾರ್ರಿ. ಫೋನ್ ಇರಲಿಲ್ಲಂದ್ರೂ ಅವರಿಗೆ ಕೇಳಸ್ತಿತ್ರಿ.’ ಸಭೆ ನಕ್ಕಿತು. ಈ ಸಲ ನಗಿಸಿದವಳು ನಾನು. ಮತ್ತೆ ನಿಲ್ಲಲಿಲ್ಲ. ಕಾಕಾ ಸಿಗ್ನಲ್ ಹುಡುಕಿ ಹುಲ್ಲಿನ ಬಣವಿ ಏರಿದ್ದು, ವಿಡಿಯೋ ಕಾಲ್‌ನಲ್ಲಿ ತಮ್ಮ ಹಣೆಯನ್ನಷ್ಟೇ ತೋರಿಸುವುದು, ಅಳಿಯನಿಗೆ ಬಯ್ಯಲು ಹೋಗಿ ಬ್ಯಾಂಕಿನ ಹುಡುಗಿಗೆ ಬಯ್ದು ಆಮೇಲೆ ಅವಳ ಕ್ಷೇಮ ವಿಚಾರಿಸಿದ್ದು, ಒಂದೂ ಬಿಡದೆ ಹೇಳಿದೆ. ಚಪ್ಪಾಳೆಗೆ ಎರಡು ಸಲ ಮಾತು ನಿಲ್ಲಿಸಬೇಕಾಯಿತು. ಡೈರಿಯಲ್ಲಿ ಮೂರು ಸಲ ಅಂತಿದೆ. ಇದೊಂದರಲ್ಲಿ ನಾನು ಡೈರಿಯನ್ನೇ ನಂಬುತ್ತೇನೆ.

ಮೊದಲ ಬಹುಮಾನ ನನ್ನದೇ. ಕಪ್ಪು ಕೊಡುತ್ತ ಆ ಹಿರಿಯರು, ‘ನಿಮ್ಮ ಕಾಕಾಗ ನನ್ನ ನಮಸ್ಕಾರ ಹೇಳು. ಫೋನ್ ಮಾಡೂದು ಬ್ಯಾಡ, ಅಲ್ಲಿಂದನ ಕೂಗಂತ ಹೇಳು’ ಅಂದರು. ಎಲ್ಲರೂ ಮತ್ತೆ ನಕ್ಕರು. ಆಗ ನನಗೆ ಹೊಳೆಯಿತು: ಪ್ರತಿ ಮಾತಿಗೂ ರಿ ಹಚ್ಚಿ, ಬಲು ಗೌರವದಿಂದ, ಮನೆಯ ಹಿರಿಯರ ಮರ್ಯಾದೆಯನ್ನು ನಾಲ್ಕು ತಾಲೂಕಿನ ಜನರ ಮುಂದೆ ಕಳೆದಿದ್ದೆ. ಹಿಂದಿನ ಸಾಲು ನೋಡಿದೆ. ಅಲ್ಲಿ ಬಿಳಿ ಟೋಪಿಗಳೇ ಏಳೆಂಟಿದ್ದವು, ಕಾಕಾನದು ಅವುಗಳಲ್ಲಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಕಾಕಾ ಸಿಕ್ಕಿದ್ದು ಹೊರಗೆ, ಗಾಡಿಯ ಹತ್ತಿರ. ಕಪ್ಪನ್ನು ಇಸಿದುಕೊಂಡು ಟವೆಲಿನಿಂದ ಒರೆಸಿ, ‘ಗೆದ್ದಿ ನೋಡ’ ಅಂದರು. ಈಗಲೂ ಮನೆಗೆ ಬಂದವರಿಗೆಲ್ಲ ಅದನ್ನು ತಾವೇ ಇಳಿಸಿ ತೋರಿಸುತ್ತಾರೆ. ಏನು ಮಾತಾಡಿ ಗೆದ್ದಳು ಎಂದು ಯಾರಾದರೂ ಕೇಳಿದರೆ ಹಾಲಿಗೆ ಹೊತ್ತಾಯಿತೆಂದು ಎದ್ದುಬಿಡುತ್ತಾರೆ. ನಾನು ಎಂ.ಎ. ಮುಗಿಸಿದೆ, ಎಷ್ಟೋ ಸಭೆಗಳಲ್ಲಿ ಧೈರ್ಯವಾಗಿ ಮಾತಾಡಿದೆ. ಕಾಕಾನನ್ನು ಒಂದು ಪ್ರಶ್ನೆ ಕೇಳಲು ಮಾತ್ರ ಬಾಯಿ ಬಂದಿರಲಿಲ್ಲ. ಮೊನ್ನೆ ಕೇಳಿಯೇಬಿಟ್ಟೆ:

‘ಕಾಕಾ, ಅವತ್ತ ನಾ ಮಾತಾಡೂವಾಗ ನೀವು ಒಳಗ ಇದ್ರೇನ್ರಿ, ಹೊರಗ ಚಾ ಕುಡ್ಯಾಕ ಹೋಗಿದ್ರೇನ್ರಿ?’