ಖಾಲಿ ಕಡತದ ಮುತ್ತಾತ

ಶೈಲೋಬೆಕ್‌ನ ಕಷ್ಟಕ್ಕೆಲ್ಲ ಕಾರಣ ಎರಡು ಪದಗಳ ನಡುವೆ ಬಿಟ್ಟ ಸಾಸಿವೆಯಷ್ಟು ಖಾಲಿ ಜಾಗ.

ತಲಾಸ್ ಪಟ್ಟಣದ ದಾಖಲೆ ಕಚೇರಿಯಲ್ಲಿ ಅವನದು ವಂಶಾವಳಿ ಟೈಪು ಮಾಡುವ ಕೆಲಸ. ಒಬ್ಬೊಬ್ಬ ಪೂರ್ವಜನಿಗೂ ಒಂದೊಂದು ಫೈಲು. ಆತನ ಹೆಸರೇ ಫೈಲಿನ ಹೆಸರು. ಒಂದು ಮನೆತನದ ಫೈಲುಗಳನ್ನೆಲ್ಲ ಒಂದರ ಕೆಳಗೊಂದು ಜೋಡಿಸಿ ಅಚ್ಚು ಹಾಕುವುದು ಕಂಪ್ಯೂಟರಿನ ಪಾಲು. ಅದರಲ್ಲಿದ್ದ ಎಡಿಟರ್ ಹಳೆಯ ಕಾಲದ್ದು, ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ. ಹೆಸರಿನ ನಡುವೆ ಖಾಲಿ ಜಾಗ ಕಂಡರೆ ಸಾಕು, ಒಂದು ಹೆಸರು ಮುಗಿಯಿತು ಇನ್ನೊಂದು ಶುರುವಾಯಿತು ಎಂದುಕೊಳ್ಳುತ್ತಿತ್ತು. ಎರಡು ಪದದ ಹೆಸರಾದರೆ ಹಿಂದೆ ಮುಂದೆ ಉದ್ಧರಣ ಚಿಹ್ನೆ ಹಾಕಿ, ಚಳಿಯಲ್ಲಿ ಕೂಸನ್ನು ಕಂಬಳಿಯಲ್ಲಿ ಸುತ್ತಿದ ಹಾಗೆ ಸುತ್ತಿ ಕೊಡಬೇಕು. ಆಗ ಮಾತ್ರ ಅದು ಒಬ್ಬನೇ ಮನುಷ್ಯ ಎಂದು ಒಪ್ಪುತ್ತಿತ್ತು.

ಆ ಬೆಳಿಗ್ಗೆ ಶೈಲೋಬೆಕ್‌ನ ಮನಸ್ಸು ಕಂಬಳಿಯ ಮೇಲಿರಲಿಲ್ಲ, ನೂರ್ಜಾತಳ ಕಿವಿಗಳ ಮೇಲಿತ್ತು. ಮಧ್ಯಾಹ್ನ ಅವನ ತಾಯಿ ಬುರುಲ್ ಆ ಕಿವಿಗಳಿಗೆ ಬೆಳ್ಳಿಯ ಓಲೆ ತೊಡಿಸಿದರೆ ಮದುವೆ ಗಟ್ಟಿಯಾದಂತೆ. ಅದಕ್ಕೆ ಮುಂಚೆ ಎರಡೂ ಮನೆಯ ಏಳು ತಲೆಮಾರಿನ ತಂದೆಯರ ಹೆಸರು ಓದಬೇಕು. ಆ ಏಳರೊಳಗೆ ಒಬ್ಬನೇ ಒಬ್ಬ ಎರಡೂ ಕಡೆ ಸಿಕ್ಕಿದರೂ ಹುಡುಗ ಹುಡುಗಿ ಒಂದೇ ರಕ್ತ, ಮದುವೆಯ ಮಾತೇ ಇಲ್ಲ. ಹಾಗೆ ಯಾರೂ ಸಿಕ್ಕುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಎರಡೂ ಪಟ್ಟಿಯನ್ನು ಟೈಪು ಮಾಡಿದವನು ಅವನೇ.

ಆದರೆ ನೂರ್ಜಾತಳ ತಾತ ಕಾರಿಪ್‌ಬಾಯ್ ಹಿಂದಿನ ದಿನ ಹೇಳಿ ಕಳಿಸಿದ್ದರು: ಎರಡೂ ಮನೆಯಲ್ಲಿ ಒಬ್ಬೊಬ್ಬ ಬಾತಿರ್, ಅಂದರೆ ರಣಶೂರ, ಇದ್ದಾರಲ್ಲ, ಅವರ ಸಮಾಧಿ ಎಲ್ಲಿದೆ ಎಂದು ಸೇರಿಸು. ಶೈಲೋಬೆಕ್ ತಮ್ಮ ಮನೆಯ ಏಸೆನ್ ಬಾತಿರ್‌ನನ್ನು ಕರೆದ, ಚಿಹ್ನೆಯ ಕಂಬಳಿ ಸುತ್ತದೆ. ಎಡಿಟರ್ ಅವನನ್ನು ಎರಡು ಮಾಡಿ, ಏಸೆನ್ ಎಂದೊಂದು, ಬಾತಿರ್ ಎಂದೊಂದು ಖಾಲಿ ಪುಟ ತೆರೆದಿಟ್ಟಿತು. ಗಾಬರಿಯಲ್ಲಿ ಎರಡನ್ನೂ ಮುಚ್ಚಿದ. ಮುಚ್ಚುವ ಮೊದಲು ಉಳಿಸಬೇಕು ಎಂದು ಮೇಲಧಿಕಾರಿ ಸಬೀರಾ ಅಕ್ಕ ಕಲಿಸಿದ್ದಳಲ್ಲ, ಹಾಗೆ ಉಳಿಸಿಯೇ ಮುಚ್ಚಿದ. ಆಮೇಲೆ ಸರಿಯಾಗಿ ಕರೆದು ಸಮಾಧಿಯ ಜಾಗ ಬರೆದ. ನೂರ್ಜಾತಳ ಮನೆಯ ಕೋಜೋಶ್ ಬಾತಿರ್‌ನ ಸರದಿ ಬಂದಾಗ ಮತ್ತೆ ಅದೇ ತಪ್ಪು, ಅದೇ ಗಾಬರಿ, ಅದೇ ಶಿಸ್ತು. ಅಚ್ಚಾದ ಹಾಳೆಗಳನ್ನು ಓದದೆ ಸುರುಳಿ ಸುತ್ತಿ, ಕೆಂಪು ದಾರ ಕಟ್ಟಿಕೊಂಡು ನೂರ್ಜಾತಳ ಮನೆಗೆ ಓಡಿದ.

ಕಾರಿಪ್‌ಬಾಯ್ ತಾತನಿಗೆ ಕಣ್ಣು ಮಂಜು. ಆದ್ದರಿಂದ ಓದುವುದಕ್ಕೆ ಪಕ್ಕದ ಮನೆಯ ದುಯ್ಶೊನ್ ಬಂದು ಕೂತಿದ್ದ. ಬೀದಿಯಲ್ಲಿ ಯಾರ ಮನೆಯ ಮಾಂಸ ಬೆಂದರೂ ಉಪ್ಪು ನೋಡುವುದು ಅವನೇ. ಹುಡುಗನ ಕಡೆಯ ಹೆಸರುಗಳನ್ನು ರಾಗವಾಗಿ ಓದಿ ಮುಗಿಸಿದ. ಹುಡುಗಿಯ ಕಡೆಯದು ಅರ್ಧ ಆಗುವಷ್ಟರಲ್ಲಿ ಅವನ ರಾಗ ನಿಂತಿತು.

"ಕಾರಿಪ್‌ಬಾಯ್, ಇಲ್ಲೂ ಬಾತಿರ್ ಇದಾನೆ ಕಣಯ್ಯ."

"ಕೋಜೋಶ್ ಬಾತಿರ್ ತಾನೆ? ನಮ್ಮೋನೇ, ಓದು."

"ಅವನಲ್ಲ. ಅವನ ಪಕ್ಕದಲ್ಲೇ ಬರೀ ಬಾತಿರ್. ಹುಡುಗನ ಕಡೇಲೂ ಹಿಂಗೇ ಬರೀ ಬಾತಿರ್ ಅಂತಿತ್ತು. ಅದೇ ಹೆಸರು, ಅದೇ ಜಾಗ. ಹೆಸರಿನ ಕೆಳಗೆ ಒಂದಕ್ಷರನೂ ಇಲ್ಲ."

ಹಾಳೆ ಕೈಯಿಂದ ಕೈಗೆ ಹೋಯಿತು. ಮುಟ್ಟಿದರೆ ಕಲೆಯಾಗುತ್ತದೇನೋ ಎಂಬಂತೆ ಎಲ್ಲರೂ ಅಂಚು ಹಿಡಿದು ನೋಡಿದರು. ಬರೀ ಏಸೆನ್, ಬರೀ ಕೋಜೋಶ್ ಎಂಬ ಖಾಲಿ ಹೆಸರುಗಳು ಒಂದೊಂದು ಮನೆಯಲ್ಲಿ ಮಾತ್ರ ಇದ್ದುದರಿಂದ ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಉಳಿದ ಪೂರ್ವಜರಿಗೆಲ್ಲ ಕುದುರೆ, ಹೆಂಡಂದಿರು, ಜಗಳ, ಸಮಾಧಿ ಎಲ್ಲವೂ ಇದ್ದವು. ಇವನ ಹೆಸರಿನ ಕೆಳಗೆ ಮಾತ್ರ ಹಿಮ ಬಿದ್ದ ಬಯಲಿನಂಥ ಬಿಳುಪು.

"ಬರೆಯೋಕೆ ಮಾತೇ ಸಾಲದಷ್ಟು ದೊಡ್ಡ ಮನುಷ್ಯ ಇರಬೇಕು," ಎಂದ ದುಯ್ಶೊನ್ ಮೆಲ್ಲಗೆ. ಆಮೇಲೆ, "ನಮ್ಮಜ್ಜಿ ಹೇಳ್ತಿದ್ದಳು. ಬೂದು ಕುದುರೆ ಮೇಲೆ ಕೂತು ಕಣಿವೆ ದಾಟಿ ಹೋದೋನು, ತಿರುಗಿ ಬರಲಿಲ್ಲವಂತೆ," ಎಂದ.

ಬುರುಲ್ ಓಲೆಗಳನ್ನು ತಲೆವಸ್ತ್ರದ ಗಂಟಿಗೆ ಸೇರಿಸಿದಳು. ಬಾಗಿಲ ಬಳಿ ನಿಂತಿದ್ದ ನೂರ್ಜಾತಳ ಮುಖ ಸುಣ್ಣದಂತಾಯಿತು.

"ತಾತ, ಅವನು ಯಾರೂ ಅಲ್ಲ," ಎಂದ ಶೈಲೋಬೆಕ್. "ಹೆಸರಿನ ನಡುವೆ ಖಾಲಿ ಜಾಗ ಇದ್ದರೆ ಯಂತ್ರ ಒಬ್ಬನ್ನ ಇಬ್ಬರು ಮಾಡುತ್ತೆ. ಅಲ್ಲಿ ಹುಟ್ಟಿದೋನು ಅವನು."

"ನೀನು ಒತ್ತದೆ ಒಂದಕ್ಷರ ಬರೆಯದ ಯಂತ್ರ, ಒಬ್ಬ ಮನುಷ್ಯನ್ನೇ ಹುಟ್ಟಿಸ್ತೇನಪ್ಪ?" ಎಂದು ಕೇಳಿದರು ತಾತ. ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

"ಒಂದು ಗಂಟೆ ಕೊಡಿ. ಸರಿ ಮಾಡಿ ತರ್ತೀನಿ," ಎಂದು ಅವನು ಕಚೇರಿಗೆ ಓಡಿದ.

ಸಬೀರಾ ಅಕ್ಕ ಸಂಗತಿ ಕೇಳಿ ಅವನ ಕುರ್ಚಿಯ ಹಿಂದೆಯೇ ನಿಂತಳು. "ಸತ್ತೋರ ಕಡತ ಅಳಿಸೋ ಕೆಲಸ. ಕೈ ತೊಳಕೊಂಡಿದೀಯೇನೋ?"

"ತೊಳೆದಿದೀನಿ ಅಕ್ಕ."

"ಬರೀ ಬಾತಿರ್ ಅಂತ ಒತ್ತು. ಬೇರೇನೂ ಮುಟ್ಟಬೇಡ."

ಅವನು ಅಳಿಸು ಎಂದು ಒತ್ತಿ, ಅಭ್ಯಾಸಬಲದಿಂದ ಏಸೆನ್ ಬಾತಿರ್ ಎಂದು ಇಡೀ ಹೆಸರನ್ನೇ ಒತ್ತಿಬಿಟ್ಟ.

"ಅಯ್ಯೋ ಪಾಪಿ, ನಿಜವಾದ ಮುತ್ತಾತನ್ನೇ ಕೊಂದೆಯಲ್ಲೋ," ಎಂದು ಸಬೀರಾ ಕಣ್ಣು ಮುಚ್ಚಿಕೊಂಡಳು.

ಆದರೆ ಈ ಸಲವೂ ಅವನು ಕಂಬಳಿ ಮರೆತಿದ್ದ. ಯಂತ್ರ ಆ ಹೆಸರನ್ನು ಬೆಳಿಗ್ಗೆ ಮಾಡಿದ ಹಾಗೆಯೇ ಎರಡಾಗಿ ಕತ್ತರಿಸಿ, ಖಾಲಿ ಏಸೆನ್‌ನನ್ನೂ ಖಾಲಿ ಬಾತಿರ್‌ನನ್ನೂ ಅಳಿಸಿತು. ನಿಜವಾದ ಏಸೆನ್ ಬಾತಿರ್ ತನ್ನ ಕುದುರೆ, ಸಮಾಧಿಗಳ ಸಮೇತ ಕೂದಲೂ ಕೊಂಕದೆ ಉಳಿದಿದ್ದ. ಇಬ್ಬರೂ ಆ ಕಪ್ಪು ತೆರೆಯನ್ನು ಬೆಟ್ಟದ ತುದಿ ನೋಡುವವರಂತೆ ಬಾಯಿ ತೆರೆದು ನೋಡಿದರು. ಒಂದು ತೆರಪು ಇಬ್ಬರನ್ನು ಹುಟ್ಟಿಸಿತ್ತು. ಅದೇ ತೆರಪು ಈಗ ಅವರನ್ನು ಸದ್ದಿಲ್ಲದೆ ಹಿಂದಕ್ಕೆ ಕರೆದುಕೊಂಡಿತ್ತು.

"ಇನ್ನೊಂದು ಮನೇದನ್ನೂ ಹಿಂಗೇ ತಪ್ಪಾಗಿ ಮಾಡಿಬಿಡು," ಎಂದಳು ಸಬೀರಾ ಪಿಸುಮಾತಿನಲ್ಲಿ. "ಸರಿಯಾಗಿ ಮಾಡೋಕೆ ಹೋಗಿ ಕೆಡಿಸಬೇಡ."

ಹೊಸ ಹಾಳೆಗಳನ್ನು ಎರಡೆರಡು ಸಲ ಓದಿಕೊಂಡು ಶೈಲೋಬೆಕ್ ಹಿಂದಿರುಗಿದಾಗ ತಾತನ ಅಂಗಳದಲ್ಲಿ ಕುರಿ ಕೊಯ್ದಾಗಿತ್ತು. ಬಾತಿರ್‌ನ ಹೆಸರಲ್ಲಿ ಪ್ರಾರ್ಥನೆಯೂ ಮುಗಿದಿತ್ತು. ಬೀದಿಯವರೆಲ್ಲ ಧ್ವನಿ ತಗ್ಗಿಸಿ ಮಾತಾಡುತ್ತಿದ್ದರು. ದುಯ್ಶೊನ್‌ನ ಬಾಯಲ್ಲಿ ಬೂದು ಕುದುರೆಗೆ ಆಗಲೇ ಬೆಳ್ಳಿಯ ಜೀನು ಬಂದಿತ್ತು.

ಕಾರಿಪ್‌ಬಾಯ್ ತಾತ ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ನನ್ನ ಅಣ್ಣತಮ್ಮಂದಿರು ಯಾರೂ ಉಳಿಲಿಲ್ಲ ಕಣೋ. ನಾನೊಬ್ಬನೇ ಅಂದ್ಕೊಂಡಿದ್ದೆ. ಈ ವಯಸ್ಸಲ್ಲಿ ರಕ್ತಸಂಬಂಧ ಹುಡುಕಿಕೊಂಡು ಬಂತಲ್ಲ, ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತೆ."

ಶೈಲೋಬೆಕ್ ನೂರ್ಜಾತಳ ಮುಖ ನೋಡಿ ಹಾಳೆ ಬಿಚ್ಚಿದ. "ತಾತ, ನೋಡಿ. ಬಾತಿರ್ ಇಲ್ಲ. ಅಳಿಸಿ ಬಂದಿದೀನಿ."

ತಾತ ಅವನ ಕೈ ಬಿಟ್ಟರು.

"ಅಳಿಸಿದೆಯಾ? ಒಂದು ಹುಡುಗಿಗೋಸ್ಕರ ಮುತ್ತಾತನ್ನೇ ಅಳಿಸಿದೆಯಾ?"

"ಅವನು ಇರಲೇ ಇಲ್ಲ ತಾತ."

"ಯಾರು ಹೇಳಿದ್ದು ಇರಲಿಲ್ಲ ಅಂತ? ಈಗ ತಾನೆ ಅವನ ಪಾಲಿನ ಮಾಂಸ ಹಂಚಿದೀವಿ. ಇವತ್ತು ಸತ್ತೋರನ್ನ ಅಳಿಸಿದೋನು ನಾಳೆ ನನ್ನ ಮೊಮ್ಮಗಳನ್ನ ಅಳಿಸಲ್ಲ ಅನ್ನೋಕೆ ಏನು ಗ್ಯಾರಂಟಿ? ಇಂಥೋನಿಗೆ ನಾನು ಹೆಣ್ಣು ಕೊಡೋಲ್ಲ."

ಅಂಗಳದವರೆಲ್ಲ ತಲೆಯಾಡಿಸಿದರು. ಬುರುಲ್ ಮಗನ ಕಡೆ ನೋಡಿದ ನೋಟದಲ್ಲಿ ಬೈಗುಳವೂ ಇತ್ತು, ಅವನನ್ನು ಎತ್ತಿಕೊಂಡು ಮನೆಗೆ ಹೋಗಿಬಿಡೋಣ ಎಂಬ ಆಸೆಯೂ ಇತ್ತು.

ಮುದುಕನ ಮಂಜುಗಣ್ಣುಗಳಲ್ಲಿ ನೀರು ನಿಂತಿದ್ದನ್ನು ಕಂಡು ಶೈಲೋಬೆಕ್‌ನ ವಾದವೆಲ್ಲ ಕರಗಿಹೋಯಿತು. ಸಾವಿರ ಜನರ ವಂಶ ಟೈಪು ಮಾಡಿದವನು ಅವನು. ಯಾವ ಪೂರ್ವಜನಿಗೂ ಯಾರೂ ಇಷ್ಟು ಮರುಗಿದ್ದನ್ನು ಕಂಡಿರಲಿಲ್ಲ. ತಲೆ ತಗ್ಗಿಸಿ, "ತಪ್ಪಾಯ್ತು ತಾತ. ಈಗಲೇ ಹೋಗಿ ಬಾತಿರ್‌ನ ವಾಪಸ್ ಬರೆದಿಡ್ತೀನಿ. ಎರಡೂ ಮನೇಲಿ. ಇನ್ನು ಯಾರೂ ಅಳಿಸದ ಹಾಗೆ," ಎಂದ.

ತಾತನ ಮುಖ ಬೆಳಗಿತು. ಅವನನ್ನು ಎದೆಗೆ ಅಪ್ಪಿಕೊಂಡು ಬೆನ್ನು ತಟ್ಟಿದರು.

"ನೋಡಿದಿರೇನ್ರಪ್ಪ, ಹುಡುಗ ಅಂದರೆ ಹಿಂಗಿರಬೇಕು. ಆಸೆಪಟ್ಟ ಹೆಣ್ಣನ್ನ ಬಿಟ್ಟಾನು, ಹಿರಿಯರನ್ನ ಬಿಡೋಲ್ಲ. ಇಂಥೋನಿಗೆ ಕಣ್ಣು ಮುಚ್ಚಿಕೊಂಡು ಮೊಮ್ಮಗಳನ್ನ ಕೊಡಬಹುದಿತ್ತು." ನಿಟ್ಟುಸಿರು ಬಿಟ್ಟು ಸೇರಿಸಿದರು: "ಏನು ಮಾಡೋದು, ನಮ್ಮ ರಕ್ತವೇ ಆಗಿಬಿಟ್ಟ."

ನೂರ್ಜಾತ್ ಬಂದು ಅವನ ಮುಂದೆ ಮೊಣಕಾಲೂರಿದಳು. ಕುರಿಯ ತಲೆಯ ಪಾಲಿದ್ದ ತಟ್ಟೆಯನ್ನು ಟಣ್ಣೆಂದು ಸದ್ದಾಗುವಂತೆ ಕೆಳಗಿಟ್ಟಳು.

"ತಿನ್ನಣ್ಣ," ಎಂದಳು.