ರಾಷ್ಟ್ರೀಯ ಟಿವಿಯಲ್ಲಿ ನಮ್ಮ ಚೈತ್ರ

ನಾನು ಹಾನುಬಾಳಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ಕಥೆ ಬರೆಯುವವನಲ್ಲ, ಕೆಲಸಗಾರರ ಹಾಜರಿ ಬರೆಯುವವನು. ಆದರೆ ಅವತ್ತು ಭಾನುವಾರ ಮಧ್ಯಾಹ್ನ ಮಾತ್ರ ನಾನು ಕಥೆಯನ್ನೇ ಕಟ್ಟಿದೆ.

ನಮ್ಮ ಎಸ್ಟೇಟಿನ ಕೆಲಸಗಾರರ ಲೈನ್ ಮನೆಯ ಜಯಮ್ಮನ ಮಗಳು ಚೈತ್ರ ರಾಜ್ಯದ ಮಹಿಳಾ ಕಬಡ್ಡಿ ತಂಡಕ್ಕೆ ಆಯ್ಕೆಯಾಗಿದ್ದಳು. ಉತ್ತರದ ಒಂದು ತಂಡದ ಜೊತೆ ಸೆಮಿಫೈನಲ್, ಅದೂ ರಾಷ್ಟ್ರೀಯ ಟಿವಿಯಲ್ಲಿ ನೇರ ಪ್ರಸಾರ. ಜಯಮ್ಮ ಮಗಳ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ಪಂದ್ಯಗಳೆಲ್ಲ ದೂರದ ಊರುಗಳಲ್ಲಿ, ಅದೂ ಕಾಫಿ ಕುಯ್ಲಿನ ಕಾಲಕ್ಕೇ ಬರುತ್ತಿದ್ದವು.

"ನಮ್ಮನೆಗೆ ಬಾ ಜಯಮ್ಮ. ಕೂತಲ್ಲೇ ಮಗಳ ಆಟ ತೋರಿಸ್ತೀನಿ. ಕನ್ನಡ ಕಾಮೆಂಟ್ರಿನೂ ಬತ್ತದೆ," ಎಂದೆ. ಅಷ್ಟಕ್ಕೇ ನಿಲ್ಲದೆ ಇಡೀ ಲೈನಿಗೂ ಆಹ್ವಾನ ಕೊಟ್ಟೆ.

ನಮ್ಮ ಹಾಲ್‌ನಲ್ಲಿ ಹದಿನೆಂಟು ಜನ ಕೂತರು. ನನ್ನ ಹೆಂಡತಿ ಸರೋಜ ಚುರುಮುರಿ ಕಲಸಿದಳು. ನಾನು ರಿಮೋಟಿನಲ್ಲಿ ಕನ್ನಡ ಹುಡುಕಿದೆ. ಇದ್ದದ್ದು ಹಿಂದಿ ಒಂದೇ.

"ಏನ್ರೀ, ಕನ್ನಡ ಬತ್ತದೆ ಅಂದ್ರಿ?" ಎಂದಳು ಸರೋಜ.

"ನಾನಿಲ್ವೇನೇ? ನಾನು ಹೇಳ್ತೀನಿ," ಎಂದೆ.

ಜಾರ್ಖಂಡದಿಂದ ಬಂದ ಕೆಲಸಗಾರರ ಜೊತೆ ದಿನವೂ ವ್ಯವಹರಿಸುವ ನನಗೆ ಹಿಂದಿ ಚೆನ್ನಾಗಿ ಬರುತ್ತದೆ ಎಂಬ ಗೌರವ ಎಸ್ಟೇಟಿನಲ್ಲಿತ್ತು. ನಿಜವಾದ ಬಂಡವಾಳ ಮೂರೇ ಮಾತು: 'ಇಧರ್ ಆವೋ', 'ಜಲ್ದಿ ಕರೋ', 'ಕಲ್ ಛುಟ್ಟಿ'. ಇಷ್ಟರಲ್ಲಿ ಒಂದು ಎಸ್ಟೇಟು ನಡೆಯುತ್ತದೆ. ಕಬಡ್ಡಿ ನಡೆಯುವುದಿಲ್ಲ.

ಪಂದ್ಯಕ್ಕೆ ಮೊದಲು ಉತ್ತರದ ತಂಡದ ಕ್ಯಾಪ್ಟನ್ನಿನ ಮನೆ ತೋರಿಸಿದರು. ಅವಳ ಅಮ್ಮ, ಅಜ್ಜ, ಓಡಿ ಅಭ್ಯಾಸ ಮಾಡಿದ ಗದ್ದೆ, ಕೊನೆಗೆ ಅವರ ಮನೆಯ ಎಮ್ಮೆ. ಎಮ್ಮೆಯ ಹೆಸರನ್ನೂ ಪರದೆಯ ಮೇಲೆ ಬರೆದಿದ್ದರು. ಆಮೇಲೆ ನಮ್ಮ ತಂಡ ಬಂತು, ಹೋಯಿತು. ಚುರುಮುರಿ ಬಾಯಿಗೆ ಹಾಕಿಕೊಂಡು ತಲೆ ಎತ್ತುವಷ್ಟರಲ್ಲಿ ಜಾಹೀರಾತು.

"ನಮ್ಮೋರ ಬಗ್ಗೆ ಏನಂದ್ರು ರೈಟರೇ?" ಜಯಮ್ಮ ಕೇಳಿದಳು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಟಿವಿಗೆ ತೀರಾ ಹತ್ತಿರ ಕೂತಿದ್ದಳು.

ಏನೂ ಅನ್ನಲಿಲ್ಲ ಎಂದು ಆ ಮುಖಕ್ಕೆ ಹೇಳುವುದು ಹೇಗೆ? "ಹಾನುಬಾಳಿನ ಹುಡುಗಿ ಒಬ್ಬಳವ್ಳೆ, ಅವಳನ್ನ ಹಿಡಿಯೋದು ಕಷ್ಟ ಅಂದ್ರು," ಎಂದೆ.

ಹಾಲ್ ತುಂಬ ಚಪ್ಪಾಳೆ. ಅಲ್ಲಿಗೆ ನಾನು ಕೆಟ್ಟೆ.

ಆಮೇಲೆ ಕಾಮೆಂಟ್ರಿಯವನು ದನಿ ಎತ್ತಿದಾಗಲೆಲ್ಲ ಹದಿನೆಂಟು ತಲೆಗಳು ನನ್ನತ್ತ ತಿರುಗುತ್ತಿದ್ದವು. ನಾನು ಚೈತ್ರಳ ಓಟ ಹೊಗಳಿಸಿದೆ, ಉಸಿರು ಹೊಗಳಿಸಿದೆ, ಗುಡ್ಡದ ಗಾಳಿಯನ್ನೂ ಹೊಗಳಿಸಿದೆ. "ನಮ್ಮೂರ ರಸ್ತೆ ವಿಷ್ಯ ಏನಾದ್ರೂ ಅಂದ್ರಾ?" ಎಂದು ಜೀಪ್ ಡ್ರೈವರ್ ಕೇಳಿದ. ಅದನ್ನೂ ಅನ್ನಿಸಿದೆ.

"ನಮ್ಮೋಳು ಯಾರು ಇದ್ರಲ್ಲಿ?" ಎಂದಳು ಜಯಮ್ಮ. ಕ್ಯಾಮೆರಾ ಎದುರಾಳಿಗಳ ಮುಖಗಳನ್ನೇ ತೋರಿಸುತ್ತಿತ್ತು. ನಮ್ಮ ಹುಡುಗಿಯರದು ಬರೀ ಬೆನ್ನು. ಚೆನ್ನಾಗಿ ಆಡುತ್ತಿದ್ದ ಏಳನೇ ನಂಬರಿನವಳನ್ನು ತೋರಿಸಿದೆ.

"ನಮ್ ಚೈತ್ರ ಅಷ್ಟು ಕುಳ್ಳಿಲ್ವಲ್ಲ?"

"ಟಿವೀಲಿ ಎಲ್ರೂ ಕುಳ್ಳಗೇ ಕಾಣ್ತಾರೆ ಕಣಮ್ಮ."

ಸರೋಜಳಿಗೆ ಅನುಮಾನ ಬಂತು. ಬಾಗಿಲ ಬಳಿ ಕೂತಿದ್ದ ಜಾರ್ಖಂಡದ ಫೂಲ್‌ಮಣಿಯನ್ನು ಕೇಳಿದಳು: "ಏನೇ ಫೂಲ್‌ಮಣಿ, ನಮ್ಮೆಜಮಾನ್ರು ಹೇಳ್ತಿರೋದು ಸರೀನಾ?"

ಫೂಲ್‌ಮಣಿ ನನ್ನನ್ನು ನೋಡಿದಳು, ಜಯಮ್ಮನನ್ನು ನೋಡಿದಳು. "ಸಾರ್ ಹೇಳಿದ್ದು ಎಲ್ಲ ಸರಿ ಐತೆ ಅಕ್ಕ," ಎಂದಳು. ಅವಳು ಅಷ್ಟು ಉದ್ದದ ಕನ್ನಡ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಕೊನೆಯ ನಿಮಿಷಗಳಲ್ಲಿ ನಮ್ಮವರು ಐದು ಅಂಕ ಹಿಂದಿದ್ದರು. ನಮ್ಮ ಕಡೆಯ ಒಬ್ಬಳು ರೈಡಿಗೆ ಹೊರಟಳು. ಅಷ್ಟರಲ್ಲಿ ಕ್ಯಾಮೆರಾ ಪ್ರೇಕ್ಷಕರ ನಡುವೆ ಕೂತಿದ್ದ ಆ ಕ್ಯಾಪ್ಟನ್ನಿನ ಅಮ್ಮನ ಕಡೆ ತಿರುಗಿತು. ಆಕೆ ಕಣ್ಣೊರೆಸಿಕೊಂಡರು, ಮೂಗೊರೆಸಿಕೊಂಡರು, ಸೆರಗು ಸರಿಮಾಡಿಕೊಂಡರು. ಕ್ಯಾಮೆರಾ ವಾಪಸ್ ಬರುವಾಗ ನಮ್ಮ ಅಂಕ ಎರಡು ಏರಿತ್ತು. ಹೇಗೆ ಏರಿತೋ ತೋರಿಸಲೇ ಇಲ್ಲ. ಕೊನೆಗೆ ಮೂರು ಅಂಕಗಳಿಂದ ಸೋತೆವು.

ಜನ ಇನ್ನೂ ಚಪ್ಪಲಿ ಹುಡುಕುತ್ತಿರುವಾಗಲೇ ಚೈತ್ರಳ ಫೋನ್ ಬಂತು. ಜಯಮ್ಮ ಸ್ಪೀಕರ್ ಹಾಕಿದಳು.

"ಅವ್ವಾ, ಪೂರ್ತಿ ಹೊರಗೇ ಕೂರಿಸಿದ್ರು. ಕೊನೇಲಿ ಒಂದೇ ಒಂದು ರೈಡ್ ಸಿಕ್ತು. ಇಬ್ಬರನ್ನ ಮುಟ್ಬುಟ್ಟು ಬಂದೆ. ನೋಡಿದ್ಯೇನವ್ವಾ?"

ನಾನು ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆ.

"ನೋಡ್ದೆ ಕಣವ್ವ," ಎಂದಳು ಜಯಮ್ಮ. "ಎಲ್ರೂ ನೋಡಿದ್ವಿ. ಚೆಂದಾಗಿ ಆಡ್ದೆ."

ಫೋನ್ ಇಟ್ಟ ಮೇಲೆ ಕ್ಷಮೆ ಕೇಳಲು ಹತ್ತಿರ ಹೋದೆ. ಅವಳೇ ಮೊದಲು ಮಾತಾಡಿದಳು. "ನಂಗೆ ಆಗ್ಲೇ ಗೊತ್ತಾಗಿತ್ತು ಬುಡಿ ರೈಟರೇ. ಹೊರಗಡೆ ಬೆಂಚಲ್ಲಿ, ಟಿವಿ ಮೂಲೇಲಿ, ಅವಳ ಮೊಣಕಾಲು ಕಾಣ್ತಿತ್ತು. ನಾನು ಅದನ್ನೇ ನೋಡ್ಕೊಂಡು ಕೂತಿದ್ದೆ. ನೀವು ಪಾಪ ಅಷ್ಟು ಕಷ್ಟ ಬೀಳ್ತಿದ್ರಲ್ಲ, ಅದ್ಕೇ ಸುಮ್ಕಿದ್ದೆ."

ಎರಡು ವಾರದ ನಂತರ ಚೈತ್ರ ಊರಿಗೆ ಬಂದಳು. ಟಿವಿ ತೋರಿಸದ ಆ ರೈಡನ್ನು ಅವ್ವನಿಗೆ ತೋರಿಸಬೇಕೆಂದು ಕಾಫಿ ಒಣಗಿಸುವ ಕಣದಲ್ಲಿ ಸುಣ್ಣದಿಂದ ಗೆರೆ ಎಳೆದೆವು. ಎದುರಾಳಿ ತಂಡ ಬೇಕಲ್ಲ? ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೆಂದು ನಾನೇ ಪಂಚೆ ಎತ್ತಿಕಟ್ಟಿ ನಿಂತೆ. ನಾನೂ ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದವನೇ. ಹಿಡಿದೇ ಬಿಡಬಹುದು ಎಂಬ ಸಣ್ಣ ಆಸೆಯೂ ಇತ್ತು.

ಜಯಮ್ಮ ಗೆರೆಯ ಪಕ್ಕದಲ್ಲೇ ಕೂತು, ಮಗಳ ಕಾಲನ್ನು ರೆಪ್ಪೆ ಮಿಟುಕಿಸದೆ ನೋಡಿದಳು.

ಚೈತ್ರ ನನ್ನನ್ನು ಮುಟ್ಟಿ, ಕೆಡವಿ, ಗೆರೆ ದಾಟಿ ಅವ್ವನ ಹತ್ತಿರ ಹೋಗಲು ಮೂರು ಸೆಕೆಂಡು ಸಾಕಾಯಿತು. ನನ್ನನ್ನು ಎಬ್ಬಿಸಲು ನಾಲ್ಕು ಜನ ಬೇಕಾಯಿತು.